ಫಾರ್ಮ್ಯಾಟ್ ಮಾಡೋ ಮೊದಲು ಒಂದು ಫೈಲ್ ಓದಿ

"ಮಾಮಾ, ವೈಫೈ ಮತ್ತೆ ಸತ್ತೋಯ್ತು. ಫಾರ್ಮ್ಯಾಟ್ ಮಾಡ್ಬಿಡ್ಲಾ?"

ಅಕ್ಕನ ಮಗಳು ಒಂದೇ ತಿಂಗಳಲ್ಲಿ ಮೂರನೇ ಸಲ ಹೀಗೆ ಕೇಳಿದಳು. ಅವಳದು ಹಳೇ ಲ್ಯಾಪ್‌ಟಾಪ್, ಅದಕ್ಕೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. ಕಾಲೇಜಿನಲ್ಲಿ ಗೆಳತಿಯರೆಲ್ಲ "ಲಿನಕ್ಸ್‌ನಲ್ಲಿ ವೈಫೈ ಹಾಗೇನೇ" ಅಂದರಂತೆ. ಈ ಮಾತು ಕೇಳಿದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಯಾವ ತೊಂದರೆಯೂ ಸುಮ್ನೆ "ಹಾಗೇನೇ" ಇರುವುದಿಲ್ಲ. ಕಾರಣ ಇದ್ದೇ ಇರುತ್ತದೆ. ಲಿನಕ್ಸ್ ಬಹಳ ಸಲ ಅದನ್ನು ಬರೆದೂ ಇಟ್ಟಿರುತ್ತದೆ.

ಫಾರ್ಮ್ಯಾಟ್ ಬೇಡ, ಪಿಂಗ್ ಮಾಡು ಅಂದೆ. ಅಂದರೆ ರೂಟರ್‌ಗೆ ಸಣ್ಣ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತೆ ಅಂತ ನೋಡೋದು. ವೈಫೈ ಸತ್ತಿರಲಿಲ್ಲ, ತೆವಳುತ್ತಿತ್ತು. ಮನೆಯ ರೂಟರ್‌ನಿಂದ 2 ಮಿಲಿಸೆಕೆಂಡಿಗೆ ಬರುತ್ತಿದ್ದ ಉತ್ತರ ಈಗ ಒಮ್ಮೊಮ್ಮೆ 100ರ ಹತ್ತಿರ ಹೋಗುತ್ತಿತ್ತು. ಈ 100 ನೋಡಿದ ತಕ್ಷಣ ನನಗೆ ಅನುಮಾನ ಬಂತು. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬರೆದಿಡುವ ಲಾಗ್ ತೋರಿಸುವ ಡಿಮೆಸ್ಗ್ ತೆಗೆಸಿದೆ. ಅಲ್ಲೇ ಇತ್ತು: "ಐಆರ್‌ಕ್ಯು 17: ನೋಬಡಿ ಕೇರ್ಡ್". ಕೆಳಗೆ "ಡಿಸೇಬ್ಲಿಂಗ್ ಐಆರ್‌ಕ್ಯು #17".

ಇದರ ಅರ್ಥ ಹೇಳ್ತೀನಿ. ಇಂಟರಪ್ಟ್ (ಐಆರ್‌ಕ್ಯು) ಅಂದರೆ ಸಾಧನವೊಂದು "ನನ್ನನ್ನು ನೋಡು" ಅಂತ ಪ್ರೊಸೆಸರ್‌ಗೆ ಕೊಡುವ ಕರೆ, 17 ಅನ್ನೋದು ಆ ಲೈನಿನ ನಂಬರ್. ಒಂದು ವಠಾರ, ನಾಲ್ಕು ಮನೆ, ಎಲ್ಲರಿಗೂ ಒಂದೇ ಕರೆಗಂಟೆ ಅಂದುಕೊಳ್ಳಿ. ಪಿಸಿಐ ಅಂದರೆ ಸಾಧನಗಳನ್ನು ಬೋರ್ಡ್‌ಗೆ ಜೋಡಿಸುವ ವ್ಯವಸ್ಥೆ. ಅದರ ಹಳೇ ಇಂಟರಪ್ಟ್ ಲೈನ್ ಹೀಗೇ, ಹಲವು ಸಾಧನಗಳು ಹಂಚಿಕೊಳ್ಳುತ್ತವೆ. ಗಂಟೆ ಹೊಡೆದಾಗ ಕರ್ನಲ್ ಆ ಲೈನಿನ ಪ್ರತಿ ಡ್ರೈವರನ್ನೂ (ಸಾಧನವನ್ನು ನಡೆಸುವ ತಂತ್ರಾಂಶ) ಕೇಳುತ್ತದೆ, ನಿಮಗಾ ಇದು? ಡ್ರೈವರ್ ತನ್ನ ಚಿಪ್‌ನ ಸ್ಟೇಟಸ್ ರಿಜಿಸ್ಟರ್ ನೋಡಿ ಹೌದು ಅಥವಾ ಅಲ್ಲ ಅನ್ನುತ್ತದೆ. ಗಂಟೆ ಒತ್ತಿದವರು ಕೈ ತೆಗೆಯುವವರೆಗೂ ಅದು ಬಡಿದುಕೊಳ್ಳುತ್ತಲೇ ಇರುತ್ತದೆ. 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿ ಸಲ ಎಲ್ಲರೂ "ನಮಗಲ್ಲ" ಅಂದರೆ ಕರ್ನಲ್ ಗಂಟೆಯ ತಂತಿಯನ್ನೇ ಕಿತ್ತು ಹಾಕುತ್ತದೆ. ಆಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ತಾನೇ ಬಾಗಿಲಿಗೆ ಬಂದು ಇಣುಕುತ್ತದೆ. ಆ 100 ಮಿಲಿಸೆಕೆಂಡ್ ಬಂದದ್ದು ಅಲ್ಲಿಂದ!

ಹಾಗಾದರೆ ಗಂಟೆ ಒತ್ತಿ ಹಿಡಿದವರು ಯಾರು? ಪ್ರಾಕ್ ಫೋಲ್ಡರಿನಲ್ಲಿ ಇಂಟರಪ್ಟ್ಸ್ ಅಂತ ಒಂದು ಫೈಲ್ ಇದೆ. ಯಾವ ಲೈನಿನಲ್ಲಿ ಎಷ್ಟು ಇಂಟರಪ್ಟ್ ಬಂತು, ಅದನ್ನು ಯಾರ್ಯಾರು ಹಂಚಿಕೊಂಡಿದ್ದಾರೆ, ಎಲ್ಲ ಅದರಲ್ಲಿದೆ. ಲೈನ್ 17ರ ಸಾಲಿನ ಕೊನೆಯಲ್ಲಿ ಎರಡು ಹೆಸರಿದ್ದವು: ಎಟಿಎಚ್9ಕೆ, ಎಂಎಂಸಿ0. ಮೊದಲನೆಯದು ವೈಫೈ. ಎರಡನೆಯದು ಎಸ್‌ಡಿ ಕಾರ್ಡ್ ರೀಡರ್. ಅವಳು ಅದನ್ನು ಒಂದು ದಿನವೂ ಬಳಸಿರಲಿಲ್ಲ.

ತೊಂದರೆ ಯಾವಾಗಲೂ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೇ ಬರುತ್ತಿತ್ತು. ಕಾರ್ಡ್ ರೀಡರ್‌ನ ಡ್ರೈವರ್ ತೆಗೆದು, ರೀಸ್ಟಾರ್ಟ್ ಮಾಡಿ, ಹತ್ತು ಸಲ ಮಲಗಿಸಿ ಎಬ್ಬಿಸು ಅಂದೆ. ಅವಳು ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದನ್ನೂ ಪುಸ್ತಕದಲ್ಲಿ ಗುರುತು ಮಾಡಿದಳು. ಹತ್ತೂ ಸಲ ಸರಿಯಿತ್ತು. ಡ್ರೈವರ್ ವಾಪಸ್ ಹಾಕಿದಳು, ಎರಡನೇ ಸಲಕ್ಕೇ ಲೈನ್ ಬಂದ್. ವೈಫೈ ಡ್ರೈವರ್ ಪಾಪ, ಅಷ್ಟು ದಿನ ಪಕ್ಕದ ಮನೆಯವರ ತಪ್ಪಿಗೆ ಬೈಸಿಕೊಂಡಿತ್ತು.

ಎಲ್ಲರೂ ಕೊಡುವ ಸಲಹೆ ಬಗ್ಗೆ ನನ್ನ ತಕರಾರು ಇಲ್ಲೇ ಇರೋದು. ಲಿನಕ್ಸ್ ಶುರುವಾಗುವಾಗ ಕೊಡುವ ಆಯ್ಕೆಗಳಲ್ಲಿ "ಐಆರ್‌ಕ್ಯುಪೋಲ್ ಹಾಕಿ" ಅಂತಾರೆ. ಅದು ಪ್ರತಿ ಟೈಮರ್ ಇಂಟರಪ್ಟ್‌ಗೂ (ಗಡಿಯಾರದ ಟಿಕ್) ಎಲ್ಲ ಹ್ಯಾಂಡ್ಲರ್‌ಗಳನ್ನು, ಅಂದರೆ ಗಂಟೆಗೆ ಉತ್ತರ ಕೊಡುವ ಡ್ರೈವರ್ ಭಾಗಗಳನ್ನು, ಕೇಳುತ್ತಾ ಹೋಗುತ್ತದೆ. ಕಾಯಿಲೆ ಹಾಗೇ ಉಳಿಯುತ್ತದೆ, ಮೇಲೊಂದು ಬ್ಯಾಂಡೇಜ್. "ಪಿಸಿಐ=ನೋಎಂಎಸ್‌ಐ ಹಾಕಿ" ಅನ್ನೋದು ಇನ್ನೂ ಕೆಟ್ಟ ಸಲಹೆ. ಎಂಎಸ್‌ಐ ಅಂದರೆ ಪ್ರತಿ ಸಾಧನಕ್ಕೂ ಅದರದ್ದೇ ಗಂಟೆ. ಅದನ್ನು ಆಫ್ ಮಾಡಿದರೆ ಬೇರೆಯವರನ್ನೂ ಅದೇ ವಠಾರಕ್ಕೆ ತಳ್ಳಿದ ಹಾಗೆ, ಅಲ್ವಾ? ಕೆಲವು ಬೋರ್ಡ್‌ಗಳಲ್ಲಿ ಎಂಎಸ್‌ಐ ಸರಿಯಾಗಿ ನಡೆಯಲ್ಲ, ಅಲ್ಲಿ ಈ ಆಯ್ಕೆ ಬೇಕು. ಆದರೆ ಇಂಟರಪ್ಟ್ಸ್ ಫೈಲ್ ನೋಡದೆ ಅದು ಯಾರಿಗೆ ಬೇಕು ಅಂತ ಹೇಗೆ ಗೊತ್ತಾಗುತ್ತದೆ? ಫಾರ್ಮ್ಯಾಟ್ ಮಾಡಿದ್ದರಂತೂ ಅದೇ ಕಾರ್ಡ್ ರೀಡರ್, ಅದೇ ಲೈನ್, ಅವಳ ಫೋಟೋಗಳು ಮಾತ್ರ ಹೋಗಿರುತ್ತಿದ್ದವು.

ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಬಯಾಸ್‌ನ ಸೆಟ್ಟಿಂಗ್‌ನಲ್ಲಿ ಕಾರ್ಡ್ ರೀಡರ್ ಆಫ್ ಮಾಡಿದ್ದೀವಿ. ಮೂರು ವಾರ ಆಯ್ತು, ಡಿಮೆಸ್ಗ್‌ನಲ್ಲಿ 17ರ ಸುದ್ದಿ ಇಲ್ಲ. ತೊಂದರೆಗೆ ಮೊದಲು ಮತ್ತು ನಂತರದ ಇಂಟರಪ್ಟ್ಸ್ ಫೈಲ್, ಲಾಗ್, ಪುಸ್ತಕದಲ್ಲಿ ಗುರುತು ಮಾಡಿದ ಹತ್ತು ಸಲದ ಪಟ್ಟಿ, ಎಲ್ಲ ಸೇರಿಸಿ ಕಾರ್ಡ್ ರೀಡರ್ ಡ್ರೈವರ್ ನೋಡಿಕೊಳ್ಳುವವರಿಗೆ ಬಗ್ ರಿಪೋರ್ಟ್ ಬರೆದವಳು ಅವಳೇ. ನಾನು ಒಂದೆರಡು ಕಾಗುಣಿತ ತಿದ್ದಿದೆ ಅಷ್ಟೇ.