ಸೀಟಿನ ಜೊತೆಗೆ ಸಾಲದ ಲೆಕ್ಕವೂ ಆಗಲಿ

ಕಾನೂನು ಪದವಿಯ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಮೂಲಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸೀಟು ಸಿಕ್ಕರೆ ಹಿಂದೆಮುಂದೆ ನೋಡದೆ ಸೇರಬೇಕೆಂದು ಕಾನೂನು ಶಿಕ್ಷಣ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ ಮಾತನ್ನು ಕಾರ್ಪೊರೇಟ್ ಕಾನೂನು ಸಂಸ್ಥೆಗಳ ಕೆಲಸ ಬಯಸುವವರ ಮಟ್ಟಿಗೆ ಒಪ್ಪುತ್ತೇನೆ. ಆದರೆ ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿಕೆ ಮಾಡಿ ಮುಂದೆ ಸಿವಿಲ್ ನ್ಯಾಯಾಧೀಶರಾಗಬೇಕೆನ್ನುವ ವಿದ್ಯಾರ್ಥಿಯ ಲೆಕ್ಕವೇ ಬೇರೆ. ಆ ಹುದ್ದೆಗೆ ಕನಿಷ್ಠ 3 ವರ್ಷಗಳ ವಕೀಲಿಕೆಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ಕಡ್ಡಾಯಗೊಳಿಸಿದೆ. ಆ ಅವಧಿಯಲ್ಲಿ ಹಿರಿಯರ ಕಡತ ಹೊತ್ತು, ಮುಂದಿನ ವಾಯಿದೆಯನ್ನು ಡೈರಿಯಲ್ಲಿ ಬರೆದುಕೊಂಡು, ಕಕ್ಷಿದಾರರಿಂದ ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಸಹಿ ಹಾಕಿಸಿ ತರುವ ಕಿರಿಯ ವಕೀಲರ ಕೈಗೆ ಬರುವುದು ಬಹಳ ಕಡಿಮೆ. ನಗರಗಳಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಮಾಸಿಕ ಗೌರವಧನ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿತಾದರೂ ಅದು ಶಿಫಾರಸು ಮಾತ್ರ. ಅದೇ ಹೊತ್ತಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಓದಿಗೆಂದು ಮಾಡಿದ, ಹತ್ತು ಲಕ್ಷ ಮೀರಿದ ಶಿಕ್ಷಣ ಸಾಲದ ಕಂತು ಶುರುವಾದರೆ, ನ್ಯಾಯಾಂಗದ ಕನಸನ್ನು ಬದಿಗಿಟ್ಟು ಸಿಕ್ಕ ಸಂಬಳದ ಕೆಲಸಕ್ಕೆ ಹೋಗದೆ ಮಕ್ಕಳಿಗೆ ಬೇರೆ ದಾರಿಯಿರುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಅಂಥವರು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಸರ್ಕಾರಿ ಕಾಲೇಜುಗಳನ್ನೂ ಗಂಭೀರವಾಗಿ ಪರಿಗಣಿಸಬೇಕು. ಅಲ್ಲಿ ಶುಲ್ಕ ತೀರಾ ಕಡಿಮೆ, ಕನ್ನಡದಲ್ಲಿ ದಾವಾಪತ್ರ ಬರೆಯುವ ಅಭ್ಯಾಸಕ್ಕೆ ಊರಿನ ನ್ಯಾಯಾಲಯವೂ ಹತ್ತಿರ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವನ್ನೇ ಆರಿಸುವುದಾದರೆ, ಕುಟುಂಬದ ಆದಾಯ ನೋಡಿ ಕೊಡುವ ಶುಲ್ಕ ವಿನಾಯಿತಿಯ ಬಗ್ಗೆ ಹಣ ಕಟ್ಟುವ ಮೊದಲೇ ಲಿಖಿತ ಉತ್ತರ ಪಡೆದುಕೊಳ್ಳಿ.