ಮುಂದೆ ಹೋಗ್ರೋ ಅಂದ್ರೆ ಹಿಂದಕ್ಕೆ ಯಾಕೆ ಬಿಡ್ತೀರಿ?

ಈಗಷ್ಟೇ ಮ್ಯಾಚ್ ಮುಗಿಯಿತು, ತಲೆಬಿಸಿ ಇನ್ನೂ ಇಳಿದಿಲ್ಲ. ನನ್ನ ತಂಡ ಯಾವುದು ಅಂತ ನಿಮಗೆಲ್ಲ ಗೊತ್ತು, ಇಲ್ಲಿ ಹೆಸರು ಹಾಕಿ ಅವರ ಮಾನ ಕಳೆಯುವುದಿಲ್ಲ, ಅದನ್ನು ಅವರೇ ಚೆನ್ನಾಗಿ ಮಾಡಿಕೊಂಡಿದ್ದಾರೆ. ಐದು ಪವರ್ ಪ್ಲೇ ಸಿಕ್ಕಿತ್ತು. ಐದು! ನಾವು ಹೊಡೆದದ್ದು ಸೊನ್ನೆ.

(ಕ್ರಿಕೆಟ್ ಗೆಳೆಯರೇ, ಇದು ನಿಮ್ಮ ಪವರ್ ಪ್ಲೇ ಅಲ್ಲ. ಐಸ್ ಹಾಕಿಯಲ್ಲಿ ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಅಷ್ಟು ಹೊತ್ತು ಗೋಲಿ, ಅಂದ್ರೆ ಗೋಲ್ ಕೀಪರ್, ಬಿಟ್ಟು ನಾವು ಐದು ಜನ, ಅವರು ನಾಲ್ಕು.)

ಗೋಲು ಬರಲಿಲ್ಲ ಅಂತ ಸಿಟ್ಟಲ್ಲ. ಸಾಮಾನ್ಯವಾಗಿ ಐದರಲ್ಲಿ ನಾಲ್ಕು ಪವರ್ ಪ್ಲೇ ಹಾಗೇ ಹೋಗುತ್ತವೆ. ನನ್ನ ಜಗಳ ಇರುವುದು ಆ ಡ್ರಾಪ್ ಪಾಸಿನ ಜೊತೆ, ಅಂದರೆ ಮುಂದೆ ಹೋಗುತ್ತಿರುವವನು ಹಿಂದೆ ಬರುವವನಿಗೆ ಬಿಟ್ಟುಕೊಡುವುದು. ಎದುರಾಳಿ ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಅನ್ನು ರಿಂಕಿನ ಈ ನಮ್ಮ ತುದಿಗೆ ಬಾರಿಸುತ್ತಾನೆ, ನಾಲ್ಕೇ ಜನ ಇರುವಾಗ ಹಾಗೆ ಬಾರಿಸಿದರೆ ಐಸಿಂಗ್ (ಅಷ್ಟು ದೂರ ಬಾರಿಸಿದ್ದಕ್ಕೆ ಆಟ ನಿಲ್ಲಿಸುವ ನಿಯಮ) ಕೂಡ ಇಲ್ಲ. ನಮ್ಮ ಡಿಫೆನ್ಸಿನವನು ಹೋಗಿ ಅದನ್ನು ಎತ್ತಿಕೊಂಡು, ನಿಧಾನಕ್ಕೆ ನಡು ಗೆರೆಯ ಹತ್ತಿರ ಬಂದು, ಎದುರಿಗೆ ಜಾಗ ಇದ್ದರೂ ತಿರುಗಿ ಕೂಡ ನೋಡದೆ ಹಿಂದಕ್ಕೆ ಬಿಡುತ್ತಾನೆ. ಉಳಿದ ಮೂವರು? ಪಕ್‌ಗಿಂತ ಮೊದಲೇ ಎದುರಾಳಿ ವಲಯಕ್ಕೆ ಹೋಗಿ ಆಫ್‌ಸೈಡ್ ಆಗಬಾರದಲ್ಲ, ಆ ವಲಯದ ಗೆರೆ ಬ್ಲೂ ಲೈನ್ ಹತ್ತಿರ ಬಸ್ಸಿಗೆ ಕಾಯುವವರ ಹಾಗೆ ನಿಂತಿರುತ್ತಾರೆ. ಹಿಂದಿನಿಂದ ಬಂದವನು ನೇರ ಆ ಗುಂಪಿಗೇ ನುಗ್ಗುತ್ತಾನೆ. ಪಕ್ ಹೋಯಿತು. ಮತ್ತೆ ಈ ತುದಿಗೆ ಬಂತು. ಮತ್ತೆ ಅದೇ ಕಥೆ.

1955ರಲ್ಲಿ ಮಾಂಟ್ರಿಯಲ್‌ನ ಜಾನ್ ಬೆಲಿವೋ ಬಾಸ್ಟನ್ ವಿರುದ್ಧ ಒಂದೇ ಪವರ್ ಪ್ಲೇಯಲ್ಲಿ 44 ಸೆಕೆಂಡಿಗೆ ಮೂರು ಗೋಲು ಹೊಡೆದಿದ್ದ. ಆಗ ಎಷ್ಟು ಗೋಲು ಬಿದ್ದರೂ ತಪ್ಪು ಮಾಡಿದವನು ಪೂರ್ತಿ ಎರಡು ನಿಮಿಷ ಕೂರಲೇಬೇಕಿತ್ತು. ಮಾಂಟ್ರಿಯಲ್ ಕಾಟ ತಡೆಯಲಾಗದೆ ಮುಂದಿನ ಸೀಸನ್ನಿಗೆ ನಿಯಮವನ್ನೇ ಬದಲಿಸಿದರು: ಒಂದು ಗೋಲು ಬಿದ್ದರೆ ಅವನು ಆಚೆ ಬರಬಹುದು. ನಮ್ಮವರಿಗೆ ಆ 44 ಸೆಕೆಂಡು ಪಕ್ ಎತ್ತಿಕೊಂಡು ಬರುವುದಕ್ಕೇ ಸಾಲದು.

ಈಗ ಯಾರಾದರೂ ಬಂದು "ಸಾರ್, 2022-23ರಲ್ಲಿ ಎಡ್ಮಂಟನ್ ತಂಡ 32.4% ಪವರ್ ಪ್ಲೇಗಳಲ್ಲಿ ಗೋಲು ಹೊಡೆದು ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ದಾಖಲೆ ಮಾಡಿದ್ದು ಇದೇ ಡ್ರಾಪ್ ಪಾಸ್ ಇಟ್ಟುಕೊಂಡು" ಅಂತೀರಿ. ಗೊತ್ತಪ್ಪಾ. ಅಲ್ಲಿ ಹಿಂದಿನಿಂದ ಬರುವವನು ಮೆಕ್‌ಡೇವಿಡ್, ಲೀಗಿನ ಅತಿ ವೇಗದವರಲ್ಲಿ ಒಬ್ಬ! ಅವನು ಪೂರ್ತಿ ವೇಗದಲ್ಲಿ ಬಂದರೆ ನಿಂತಲ್ಲೇ ನಿಂತವರು ಏನು ಮಾಡಬೇಕು? ನಮ್ಮಲ್ಲಿ ಹಿಂದಿನಿಂದ ಬರುವವನೂ ನಿಂತೇ ಇರುತ್ತಾನೆ. ವೇಗ ಇಲ್ಲದ ಡ್ರಾಪ್ ಪಾಸ್ ಅಂದರೆ ಸುಮ್ನೆ ಹಿಂದಕ್ಕೆ ಹೋಗುವುದು, ಅಷ್ಟೇ.

ಎದುರಾಳಿ ವಲಯದ ಒಳಗೆ ಹೋದ ಮೇಲೆ ಒಂದು-ಮೂರು-ಒಂದು ನಿಲ್ಲಿ, ಅಂಬ್ರೆಲಾ ಹಾಕಿ (ಎರಡೂ ಆಟಗಾರರು ನಿಲ್ಲುವ ರೀತಿಗಳು), ನನ್ನದೇನೂ ತಕರಾರಿಲ್ಲ. ವಾಷಿಂಗ್ಟನ್‌ನ ಒವೆಚ್ಕಿನ್ ಎಲ್ಲಿಂದ ಹೊಡೆಯುತ್ತಾನೆ ಅಂತ ಇಡೀ ಲೀಗಿಗೆ ಗೊತ್ತು. ಆದರೂ 2025ರ ಏಪ್ರಿಲ್‌ನಲ್ಲಿ ಗ್ರೆಟ್ಸ್ಕಿಯ ಅತಿ ಹೆಚ್ಚು ಗೋಲುಗಳ ದಾಖಲೆ ಮುರಿದ ಆ 895ನೇ ಗೋಲು ಬಂದದ್ದು ಪವರ್ ಪ್ಲೇಯಲ್ಲಿ, ಅದೇ ಎಡಗಡೆ ಸರ್ಕಲ್‌ನಿಂದ. ಆದರೆ ಪಕ್ ಒಳಗೆ ಹೋಗಬೇಕಲ್ವಾ? ದಾರಿ ಇಲ್ಲವಾ, ಮೂಲೆಗೆ ಬಾರಿಸಿ ಬೆನ್ನಟ್ಟಿ. ನೋಡಲು ಚೆಂದ ಇರುವುದಿಲ್ಲ, ಇರಲಿ ಬಿಡಿ.

ಒಂದು ನಿಜ ಹೇಳಿಬಿಡುತ್ತೇನೆ. ಹವ್ಯಾಸಕ್ಕೆ ಆಡುತ್ತಿದ್ದಾಗ ನಾನೂ ಒಮ್ಮೆ ಟಿವಿಯಲ್ಲಿ ನೋಡಿದ ಹುಮ್ಮಸ್ಸಿನಲ್ಲಿ ಸ್ಟೈಲಾಗಿ ಡ್ರಾಪ್ ಪಾಸ್ ಕೊಟ್ಟೆ. ಹಿಂದೆ ನಮ್ಮವರು ಒಬ್ಬರೂ ಇರಲಿಲ್ಲ. ಎದುರಾಳಿ ಇದ್ದ. ಮ್ಯಾಚ್ ಮುಗಿದ ಮೇಲೂ ನಮ್ಮ ಗೋಲಿ ನನ್ನ ಹತ್ತಿರ ಮಾತಾಡಲಿಲ್ಲ.

ಇವತ್ತಿನ ಐದನೆಯದಂತೂ ಕೇಳಲೇಬೇಡಿ. ಕೊನೇ ತೊಂಬತ್ತು ಸೆಕೆಂಡು, ಒಂದು ಗೋಲು ಹಿಂದೆ. ಜಾಸ್ತಿ ಒಬ್ಬ ಇರಲಿ ಅಂತ ನಮ್ಮ ಗೋಲಿಯನ್ನೂ ಆಚೆ ಕರೆದಿದ್ದರು. ಮತ್ತೆ ಹಿಂದಕ್ಕೆ ಬಿಟ್ಟ ಮಹಾನುಭಾವ. ಹಿಂದಿದ್ದವನ ಸ್ಟಿಕ್ಕಿಗೆ ಸಿಗಲಿಲ್ಲ. ಪಕ್ ಆರಾಮಾಗಿ ಜಾರಿಕೊಂಡು ನಮ್ಮದೇ ಖಾಲಿ ಗೋಲಿನ ಕಡೆ ಹೊರಟಿತು, ಮೂರು ಜನ ಬೆನ್ನಟ್ಟಿದರು, ಸಿಗಲಿಲ್ಲ.

ಐದು ಪವರ್ ಪ್ಲೇಯಲ್ಲಿ ನಮ್ಮವರು ಬಲೆಗೆ ಹಾಕಿದ್ದು ಅದೊಂದೇ.