ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿಗೆ ಪ್ಲಾಸ್ಟಿಕ್ ಎಲೆಗಳು ಬೇಡ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ, ಕೃತಜ್ಞತೆ ಹೇಳುವ ಅಮೆರಿಕದ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್, ನ್ಯೂಜೆರ್ಸಿಯ ನಮ್ಮಂಥ ಕನ್ನಡದ ಮನೆಗಳಲ್ಲಿ ಈಗ ನಮ್ಮದೇ ಹಬ್ಬವೆಂಬಷ್ಟು ಬೇರೂರಿದೆ. ದೀಪಾವಳಿ ಮುಗಿದು ಕೆಲವೇ ವಾರಗಳಾಗಿರುತ್ತವೆ, ಮಕ್ಕಳಿಗೆ ರಜೆ ಇರುತ್ತದೆ, ನೆಂಟರಿಲ್ಲದ ಊರಿನಲ್ಲಿ ಸ್ನೇಹಿತರೇ ನೆಂಟರಾಗಿ ಬರುತ್ತಾರೆ. ಒಬ್ಬರು ಬಿಸಿಬೇಳೆಬಾತ್ ತಂದರೆ ಇನ್ನೊಬ್ಬರು ಕೋಸಂಬರಿ ತರುತ್ತಾರೆ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳ ಒತ್ತಾಯಕ್ಕೆ ಪಂಪ್‌ಕಿನ್ ಪೈ ಕೂಡ ಬರುತ್ತದೆ. ಇಂಥ ಬಿಗುಮಾನವಿಲ್ಲದ ಊಟಕ್ಕೆ ಮೇಜನ್ನು ಹೇಗೆ ಸಿಂಗರಿಸಬೇಕು ಎಂಬುದು ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು, ನನಗೆ ಹಾಗೆ ತೋರುವುದಿಲ್ಲ. ಮೇಜಿನ ಮೇಲೆ ಅಲಂಕಾರಕ್ಕೆಂದು ಇಡುವ ಕಾಯಿ, ಹೂವು, ಎಲೆ ಎಲ್ಲವೂ ಆ ಋತುವಿನಲ್ಲಿ ಆ ನೆಲದಲ್ಲಿ ಬೆಳೆದವಾಗಿರಬೇಕು, ಊಟಕ್ಕೆ ಕುಳಿತವರ ಕೈಗಾಗಲಿ ಕಣ್ಣಿಗಾಗಲಿ ಅವು ಅಡ್ಡ ಬರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಗಸ್ಟ್ ಮುಗಿಯುವ ಮೊದಲೇ ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಪಾಲಿಯೆಸ್ಟರ್ ಮೇಪಲ್ ಎಲೆಗಳ ಮಾಲೆಗಳು, ಫೋಮಿನಲ್ಲಿ ಮಾಡಿದ ಕುಂಬಳಕಾಯಿಗಳು, ದಾಲ್ಚಿನ್ನಿಯ ಕೃತಕ ಪರಿಮಳ ಲೇಪಿಸಿದ ಪೈನ್ ಕಾಯಿಗಳು ತುಂಬಿಕೊಳ್ಳುತ್ತವೆ. ಕೆಲವು ವಾರ ಕಳೆದರೆ ನಮ್ಮ ಮನೆಯ ಕಿಟಕಿಯ ಹೊರಗೇ ನಿಜವಾದ ಮೇಪಲ್ ಮರಗಳು ಬಣ್ಣ ತಳೆಯುತ್ತವೆ. ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಎಲೆಗಳಲ್ಲಿರುವ ಹಸಿರು ಪತ್ರಹರಿತ್ತು ಕರಗುತ್ತದೆ, ಬೇಸಿಗೆಯುದ್ದಕ್ಕೂ ಅದರ ಮರೆಯಲ್ಲಿದ್ದ ಹಳದಿ ಮತ್ತು ಕಿತ್ತಳೆ ವರ್ಣದ್ರವ್ಯಗಳು ಕಾಣತೊಡಗುತ್ತವೆ, ಕೆಂಪನ್ನು ಮಾತ್ರ ಎಲೆ ಆ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಇಷ್ಟೆಲ್ಲ ಬಾಗಿಲ ಹೊರಗೇ ನಡೆಯುತ್ತಿರುವಾಗ ಒಂದೇ ಅಚ್ಚಿನ, ಒಂದೇ ಕೆಂಪಿನ ಬಟ್ಟೆಯ ಎಲೆಗಳನ್ನು ದುಡ್ಡು ಕೊಟ್ಟು ತಂದು ಹಾಸುವುದು ನನಗೆ ಸರಿಯೆನಿಸುವುದಿಲ್ಲ.

ನಿಜವಾದ ಎಲೆಗಳನ್ನು ಬಳಸುವವರಿಗೆ ಒಂದು ತೊಡಕಿದೆ. ನಮ್ಮ ಕಡೆ ಬಣ್ಣ ಪೂರ್ತಿ ಏರುವುದು ಅಕ್ಟೋಬರ್‌ನ ಉತ್ತರಾರ್ಧದಿಂದ ನವೆಂಬರ್‌ನ ಮೊದಲ ದಿನಗಳವರೆಗೆ, ಹಬ್ಬ ಬರುವ ಹೊತ್ತಿಗೆ ಮೇಪಲ್ ಮರಗಳು ಬೋಳಾಗಿ, ಓಕ್ ಮರಗಳಲ್ಲಷ್ಟೇ ಕಂದು ಎಲೆಗಳು ಉಳಿದಿರುತ್ತವೆ. ಉದುರಿದ ಎಲೆಯನ್ನು ಹಾಗೆಯೇ ಒಳಗೆ ತಂದಿಟ್ಟರೆ ಒಂದೆರಡು ದಿನದಲ್ಲಿ ಅಂಚು ಸುರುಳಿಯಾಗಿ ಪುಡಿಯಾಗುತ್ತದೆ. ಆದ್ದರಿಂದ ಬಣ್ಣ ಏರಿದ ದಿನಗಳಲ್ಲಿಯೇ ತೇವವಿಲ್ಲದ ಎಲೆಗಳನ್ನು ಆರಿಸಿ, ಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿಡಬೇಕು. ಎಲೆ ಮೆತ್ತಗೇ ಉಳಿಯಬೇಕೆಂದು ಬಯಸುವವರು ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ಅದರಲ್ಲಿ ಎಲೆಗಳನ್ನು ಕೆಲವು ದಿನ ಮುಳುಗಿಸಿಡಬಹುದು, ಆಗ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಎಲೆ ಮುರಿಯುವುದಿಲ್ಲ. ಹಬ್ಬದ ದಿನ ಮಕ್ಕಳ ಕೈಯಿಂದ ಅವುಗಳ ಮೇಲೆ ಅತಿಥಿಗಳ ಹೆಸರನ್ನು ಕನ್ನಡದಲ್ಲಿ ಬರೆಸಿದರೆ ಕೂರುವ ಜಾಗದ ಗುರುತಿಗೆ ಬೇರೆ ಚೀಟಿ ಬೇಕಾಗುವುದಿಲ್ಲ.

ಇನ್ನು ಜಾಗದ ಲೆಕ್ಕ. ಇಲ್ಲಿನ ಸಾಮಾನ್ಯ ಊಟದ ಮೇಜಿನ ಅಗಲ 36ರಿಂದ 42 ಇಂಚು. ಎದುರುಬದುರು ಕುಳಿತವರ ತಟ್ಟೆ ಮತ್ತು ಲೋಟಕ್ಕೆ ಎರಡೂ ಕಡೆ ಮೇಜಿನ ಅಗಲಕ್ಕೆ ತಕ್ಕಂತೆ ಹನ್ನೆರಡರಿಂದ ಹದಿನಾಲ್ಕು ಇಂಚಿನಷ್ಟು ಬಿಟ್ಟರೆ ನಡುವೆ ಉಳಿಯುವುದು ಒಂದಡಿ, ಹೆಚ್ಚೆಂದರೆ ಅದಕ್ಕಿಂತ ಎರಡು ಇಂಚು ಜಾಸ್ತಿ. ಅಲಂಕಾರಕ್ಕೆ ಇರುವುದು ಅಷ್ಟೇ. ಜಾಲತಾಣಗಳಲ್ಲಿ ಕಾಣುವ ಚಿತ್ರಗಳಲ್ಲಿ ಈ ಲೆಕ್ಕವಿರುವುದಿಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವನ್ನು ಊಟ ಬಡಿಸುವ ಮೊದಲು, ಯಾರೂ ಕೂರುವ ಮೊದಲು, ಎತ್ತರದಿಂದ ತೆಗೆದಿರುತ್ತಾರೆ. ಸಾರಿನ ಪಾತ್ರೆಗೆ, ತುಪ್ಪದ ಗಿಂಡಿಗೆ, ಎರಡನೆಯ ಸಲ ಬಡಿಸಲು ಚಾಚುವ ಕೈಗೆ ಅಲ್ಲಿ ಜಾಗವೇ ಇಲ್ಲ. ಅಡುಗೆಯ ಪಾತ್ರೆಗಳನ್ನೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು, ಎಲ್ಲರೂ ಅಲ್ಲಿಯೇ ಬಡಿಸಿಕೊಂಡು ಬಂದು ಕೂರುವ ಪದ್ಧತಿ ನಮ್ಮ ಊಟಗಳಿಗೆ ಚೆನ್ನಾಗಿ ಹೊಂದುತ್ತದೆ, ಮೇಜಿನ ನಡುಭಾಗವೂ ಖಾಲಿ ಉಳಿಯುತ್ತದೆ. ಎತ್ತರದ ವಿಷಯದಲ್ಲಿ ನಾನು ಪಾಲಿಸುವ ನಿಯಮ ಒಂದೇ. ಮೊಣಕೈಯನ್ನು ಮೇಜಿಗೂರಿ ಕೈಯನ್ನು ನೇರ ನಿಲ್ಲಿಸಿದಾಗ ಮಣಿಕಟ್ಟು ಎಲ್ಲಿಗೆ ಬರುತ್ತದೆಯೋ, ಅದನ್ನು ಮೀರಿ ಯಾವ ಅಲಂಕಾರವೂ ಏಳಬಾರದು. ವರ್ಷಕ್ಕೊಮ್ಮೆ ಸೇರುವ ಸ್ನೇಹಿತರು ಹೂದಾನಿಯ ಆಚೀಚೆ ಬಗ್ಗಿ ಬಗ್ಗಿ ಮಾತಾಡಬೇಕಾಗಿ ಬಂದರೆ ಆ ಹೂದಾನಿ ಅಲ್ಲಿರುವುದೇ ತಪ್ಪು.

ಮೇಜಿನ ಉದ್ದಕ್ಕೂ ಹಾಸುವ ಪಟ್ಟಿಗೆ ಅಂಗಡಿಯ ಗೋಣಿತಟ್ಟು ಬೇಕಾಗಿಲ್ಲ. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಗುಳೇದಗುಡ್ಡದ ಖಣವಿರುತ್ತದೆ, ಉಟ್ಟು ಹಳತಾದ ಇಳಕಲ್ ಸೀರೆಯಿರುತ್ತದೆ. ಖಣದ ಕಡುಗೆಂಪು, ದಾಳಿಂಬೆ ಬಣ್ಣ, ಸಾಸಿವೆ ಹಳದಿ, ಇವೆಲ್ಲ ಇಲ್ಲಿನ ಶರತ್ಕಾಲದ ಬಣ್ಣಗಳೇ. ಒಡಲು ಹರಿದಿದ್ದರೂ ಸೆರಗು ಮತ್ತು ಅಂಚು ಗಟ್ಟಿಯಾಗಿರುವ ಸೀರೆಯಿಂದ ಒಂದಡಿ ಅಗಲದ ಪಟ್ಟಿ ಕತ್ತರಿಸಿ, ಮೇಜಿನ ಎರಡೂ ತುದಿಗಳಲ್ಲಿ ಅರ್ಧ ಅಡಿ ಇಳಿಬೀಳುವಂತೆ ಹೊಲಿದರೆ ಸಾಕು. ಕಾಯಿ ಹೂವು ಈ ನೆಲದ್ದಾಗಿರಬೇಕು ಎಂದವಳು ಬಟ್ಟೆಯನ್ನು ಬಾಗಲಕೋಟೆಯಿಂದ ತರಿಸಿದಳೆಂದು ಯಾರಿಗಾದರೂ ಅನಿಸಬಹುದು. ಊಟಕ್ಕೆ ಕರೆದ ಮನೆ ಯಾರದೆಂದು ಬಟ್ಟೆ ಹೇಳಬೇಕು, ಆ ಮನೆ ಎಲ್ಲಿದೆಯೆಂದು ಕಾಯಿ ಹೂವು ಹೇಳಬೇಕು ಎಂಬುದು ನನ್ನ ಉತ್ತರ.

ಆ ಪಟ್ಟಿಯ ಮೇಲಿನ ಮೊದಲ ಸ್ಥಾನ ಕುಂಬಳಕಾಯಿಯದು. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಕಾಯಿ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಸಿ, ಅವನ್ನು ಮೂವರು ಅಕ್ಕತಂಗಿಯರೆಂದು ಕರೆದವರು ಈ ಖಂಡದ ಮೂಲನಿವಾಸಿಗಳು. ಜೋಳದ ದಂಟಿಗೆ ಹುರುಳಿಯ ಬಳ್ಳಿ ಹಬ್ಬುತ್ತದೆ, ಕುಂಬಳದ ಅಗಲವಾದ ಎಲೆಗಳು ಕಳೆಯನ್ನು ತಡೆದು ನೆಲದ ತೇವವನ್ನು ಕಾಯುತ್ತವೆ. ನಮ್ಮ ಸಿಹಿಗುಂಬಳವೂ ಮೆಣಸಿನಕಾಯಿಯೂ ಇದೇ ಖಂಡದಿಂದ ಭಾರತಕ್ಕೆ ಬಂದವು. ಈ ಹಬ್ಬದ ಮೂಲವೆಂದು ಹೇಳುವ, 1621ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಸಾಹತುಗಾರರು ನಡೆಸಿದ ಸುಗ್ಗಿಯ ಊಟದಲ್ಲಿ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರು ಸುಮಾರು ತೊಂಬತ್ತು ಮಂದಿ ಇದ್ದರೆಂದು ಅಂದಿನ ವಸಾಹತುಗಾರನೊಬ್ಬನ ಪತ್ರ ಹೇಳುತ್ತದೆ. ಆಮೇಲೆ ಆ ಜನರಿಗೆ ಉಳಿದದ್ದು ನೆಲವನ್ನೂ ಪ್ರಾಣವನ್ನೂ ಕಳೆದುಕೊಂಡ ಚರಿತ್ರೆ, ಆದ್ದರಿಂದಲೇ 1970ರಿಂದ ಇದೇ ದಿನ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ರಾಷ್ಟ್ರೀಯ ಶೋಕ ದಿನವನ್ನು ಆಚರಿಸುತ್ತ ಬಂದಿದ್ದಾರೆ. ಇದನ್ನು ಬಲ್ಲ ಮೇಲೆ ಕಾಗದದ ಗರಿಯ ಕಿರೀಟಗಳನ್ನೂ ಪಿಲ್‌ಗ್ರಿಮ್ ಎಂದು ಕರೆಯುವ ಆ ವಸಾಹತುಗಾರರ ಗೊಂಬೆಗಳನ್ನೂ ಮೇಜಿನ ಮೇಲೆ ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಣ್ಣಬಣ್ಣದ ಕಾಳಿನ ಜೋಳದ ತೆನೆಯನ್ನೂ ಕುಂಬಳಕಾಯಿಯನ್ನೂ ಇಟ್ಟು, ಇವನ್ನು ಮೊದಲು ಬೆಳೆದವರು ಯಾರೆಂದು ಮಕ್ಕಳಿಗೆ ಹೇಳುವುದು ಅದಕ್ಕಿಂತ ಎಷ್ಟೋ ಮೇಲು.

ಆರಿಸುವಾಗ ಒಂದು ಎಚ್ಚರಿಕೆ ಬೇಕು. ಅಂಗೈಯಗಲದ, ಗಂಟುಗಂಟಾದ, ಹಸಿರು ಹಳದಿ ಪಟ್ಟೆಯ ಅಲಂಕಾರದ ಕಾಯಿಗಳು ನೋಡಲು ಬಹಳ ಚೆಂದ, ಆದರೆ ಅವು ತಿನ್ನುವುದಕ್ಕಲ್ಲ. ಅವುಗಳಲ್ಲಿ ಕಹಿ ಅಂಶ ಹೆಚ್ಚಿರುವುದರಿಂದ ತಿಂದರೆ ವಾಂತಿ ಭೇದಿಯಾಗುವ ಅಪಾಯವಿದೆ. ಹೊಟ್ಟೆಗೂ ಆಗಬೇಕೆಂದರೆ ಪೈಗೆಂದು ಮಾರುವ ಚಿಕ್ಕ ಸಿಹಿಗುಂಬಳ, ಬಟರ್‌ನಟ್, ಏಕಾರ್ನ್ ಎಂಬ ಕುಂಬಳದ ಜಾತಿಗಳನ್ನು ತನ್ನಿ. ಕೊರೆಯದೆ, ಬಣ್ಣ ಬಳಿಯದೆ ತಣ್ಣನೆಯ ಜಾಗದಲ್ಲಿಟ್ಟರೆ ಇವು ವಾರಗಟ್ಟಲೆ ಕೆಡುವುದಿಲ್ಲ. ಹಾಗೆಯೇ ರಸ್ತೆಬದಿಯ ಬೇಲಿಗಳಲ್ಲಿ ಕಿತ್ತಳೆ ಬಣ್ಣದ ಹಣ್ಣು ಬಿಟ್ಟು ಮನಸೆಳೆಯುವ ಓರಿಯೆಂಟಲ್ ಬಿಟರ್‌ಸ್ವೀಟ್ ಬಳ್ಳಿಯನ್ನು ದಯವಿಟ್ಟು ಕಿತ್ತು ತರಬೇಡಿ. ಏಷ್ಯಾದಿಂದ ಬಂದು ಇಲ್ಲಿನ ಕಾಡುಮರಗಳನ್ನು ಸುತ್ತಿ ಕೊಲ್ಲುವ ಬಳ್ಳಿಯದು. ಅಲಂಕಾರ ಮುಗಿದ ಮೇಲೆ ಹೊರಗೆ ಎಸೆದ ಹಣ್ಣುಗಳನ್ನು ಹಕ್ಕಿಗಳು ತಿಂದು ಬೀಜವನ್ನು ಮತ್ತಷ್ಟು ದೂರ ಹರಡುತ್ತವೆ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಹಣ್ಣು ವಿಷಕಾರಿಯೂ ಹೌದು.

ಹೂವಿನ ವಿಷಯಕ್ಕೆ ಬಂದರೆ ನನಗೆ ಸೇವಂತಿಗೆಯ ಹೊರತು ಬೇರೊಂದು ಬೇಕೆನಿಸುವುದಿಲ್ಲ. ರಾತ್ರಿ ದೀರ್ಘವಾದಂತೆ ಮೊಗ್ಗು ಕಟ್ಟುವ ಗಿಡ ಇದು, ಆದ್ದರಿಂದಲೇ ದಸರಾ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಮಾರುಗಟ್ಟಲೆ ಬರುವ ಹೂವು, ಅದೇ ದಿನಗಳಲ್ಲಿ ಇಲ್ಲಿನ ದಿನಸಿ ಅಂಗಡಿಗಳ ಬಾಗಿಲಲ್ಲಿ ಕುಂಡಗಳ ಸಾಲಾಗಿ ಕೂತಿರುತ್ತದೆ. ಪೂರ್ತಿ ಅರಳಿದ ಕುಂಡವನ್ನು ಕೊಳ್ಳದೆ, ಬಣ್ಣ ಇಣುಕುತ್ತಿರುವ ಮೊಗ್ಗು ತುಂಬಿದ್ದನ್ನು ಕೊಂಡರೆ ಬಹಳ ದಿನ ಬಾಳುತ್ತದೆ. ಹಬ್ಬದ ಬೆಳಿಗ್ಗೆ ಹೂಗಳನ್ನು ತೊಟ್ಟು ಬಿಡಿಸಿ, ಹಿತ್ತಾಳೆಯ ಅಗಲವಾದ ಬೋಗುಣಿಯಲ್ಲಿ ನೀರಿನ ಮೇಲೆ ಹರಡುವುದು ನನಗೆ ಇಷ್ಟ, ಎತ್ತರದ ಪ್ರಶ್ನೆಯೂ ಅಲ್ಲಿಗೆ ಮುಗಿಯುತ್ತದೆ.

ಬೆಳಕನ್ನು ಬಹಳ ಜನ ಮರೆಯುತ್ತಾರೆ. ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಟ್ಟ ಮೇಲೆ, ಹಬ್ಬದ ದಿನ ನಮ್ಮಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಊಟ ಅರ್ಧವಾಗುವಷ್ಟರಲ್ಲಿ ಕಿಟಕಿಗಳು ಕಪ್ಪಾಗಿರುತ್ತವೆ. ತಲೆಯ ಮೇಲಿನ ಬಿಳಿ ದೀಪದ ಪ್ರಖರತೆಯನ್ನು ತಗ್ಗಿಸಿ ಮೇಜಿನ ಮೇಲೆ ಸಣ್ಣ ದೀಪಗಳನ್ನು ಹಚ್ಚಿದರೆ ಮುಖಗಳಿಗೆ ಕಳೆ ಬರುತ್ತದೆ. ಆದರೆ ಪರಿಮಳದ ಮೇಣದ ಬತ್ತಿ ಊಟದ ಮೇಜಿಗೆ ಖಂಡಿತ ಬೇಡ. ಇಂಗಿನ ಒಗ್ಗರಣೆಯ, ತುಪ್ಪದ, ಬಿಸಿ ಅನ್ನದ ಘಮವನ್ನು ಕೃತಕ ವೆನಿಲಾ ಹಾಳುಮಾಡುತ್ತದೆ. ಇನ್ನೊಂದು ಮಾತು ಸುರಕ್ಷತೆಯದು. ಅಮೆರಿಕದ ಮನೆಗಳಲ್ಲಿ ಅಡುಗೆಯಿಂದ ಬೆಂಕಿ ಹೊತ್ತಿಕೊಳ್ಳುವ ಪ್ರಕರಣಗಳು ವರ್ಷದಲ್ಲೇ ಅತಿ ಹೆಚ್ಚು ನಡೆಯುವುದು ಥ್ಯಾಂಕ್ಸ್‌ಗಿವಿಂಗ್ ದಿನ, ಮೇಜಿನಿಂದ ಇನ್ನೊಂದು ಬೆಂಕಿ ಸೇರುವುದು ಬೇಡ. ಉರಿಯುವ ದೀಪಕ್ಕೂ ಹತ್ತಿಕೊಳ್ಳಬಲ್ಲ ವಸ್ತುವಿಗೂ ಕನಿಷ್ಠ ಒಂದಡಿ ಅಂತರವಿರಬೇಕೆಂದು ಅಗ್ನಿಸುರಕ್ಷತೆಯ ತಜ್ಞರು ಹೇಳುತ್ತಾರೆ. ಒಂದಡಿ ಅಗಲದ ಪಟ್ಟಿಯ ಮೇಲೆ ಒಣಗಿದ ಎಲೆ, ಬಟ್ಟೆ, ಹಣತೆ ಮೂರೂ ಕೂಡಿರಲು ಸಾಧ್ಯವೇ ಇಲ್ಲ.

ಇದಕ್ಕೆ ಕ್ರ್ಯಾನ್‌ಬೆರಿ ಎಂಬ ಕೆಂಪು ಬಣ್ಣದ ಪುಟ್ಟ ಹುಳಿಹಣ್ಣು ಒಳ್ಳೆಯ ಪರಿಹಾರ. ಈ ಹಣ್ಣಿನೊಳಗೆ ಗಾಳಿ ತುಂಬಿದ ನಾಲ್ಕು ಪೊಟರೆಗಳಿರುವುದರಿಂದ ಅದು ನೀರಿನಲ್ಲಿ ತೇಲುತ್ತದೆ. ನಮ್ಮದೇ ರಾಜ್ಯದ ದಕ್ಷಿಣಕ್ಕಿರುವ ಪೈನ್ ಬ್ಯಾರನ್ಸ್ ಪ್ರದೇಶದಲ್ಲಿ ಕೊಯ್ಲಿನ ಹೊತ್ತಿಗೆ ಗದ್ದೆಗೆ ನೀರು ತುಂಬಿಸಿ, ತೇಲಿದ ಹಣ್ಣನ್ನು ಒಟ್ಟುಗೂಡಿಸುವುದೂ ಇದೇ ಗುಣದಿಂದ. ಗಾಜಿನ ದೊಡ್ಡ ಬಟ್ಟಲಿಗೆ ನೀರು ತುಂಬಿ, ಮೇಲೆ ಕ್ರ್ಯಾನ್‌ಬೆರಿ ಹರಡಿ, ನಡುವೆ ಲೋಹದ ಪುಟ್ಟ ಬಟ್ಟಲಿನ ಟೀಲೈಟ್ ಮೇಣದ ದೀಪಗಳನ್ನು ತೇಲಿಬಿಟ್ಟು, ಗಾಜಿನ ಬಟ್ಟಲಿನ ಸುತ್ತಲೂ ಎಲೆ ಬಟ್ಟೆ ಇಲ್ಲದಂತೆ ನೋಡಿಕೊಂಡರೆ ದೀಪವೂ ಆಯಿತು, ಕೆಂಪು ಬಣ್ಣವೂ ಆಯಿತು.

ಮೇಪಲ್ ಇಲ್ಲದ ಊರುಗಳ ಗೆಳೆಯರು ಇದನ್ನು ಓದಿ ಪ್ಲಾಸ್ಟಿಕ್ ಎಲೆಗಳೇ ಗತಿಯೆಂದು ಭಾವಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ದಿನಗಳಲ್ಲಿ ದಾಳಿಂಬೆಯೂ ಪರ್ಸಿಮನ್ನೂ ಹಣ್ಣಾಗಿರುತ್ತವೆ, ಟೆಕ್ಸಸ್‌ನಲ್ಲಿ ಪೆಕಾನ್ ಉದುರುತ್ತಿರುತ್ತದೆ. ನ್ಯೂ ಮೆಕ್ಸಿಕೊದಲ್ಲಂತೂ ಕೆಂಪು ಮೆಣಸಿನಕಾಯಿಯನ್ನು ಸರಗಟ್ಟಿ ಮನೆಯ ಮುಂದೆ ತೂಗುಹಾಕುವ ಸಂಪ್ರದಾಯವೇ ಇದೆ. ಬ್ಯಾಡಗಿ ಮೆಣಸಿನಕಾಯಿಯ ರಾಶಿ ಕಂಡವರಿಗೆ ಆ ಕೆಂಪಿನ ಸೊಬಗನ್ನು ವಿವರಿಸಬೇಕಾಗಿಲ್ಲ.

ಮರುದಿನ ಎಲೆಗಳೂ ಸೇವಂತಿಗೆಯೂ ಗೊಬ್ಬರದ ಗುಂಡಿಗೆ ಹೋಗುತ್ತವೆ. ಕ್ರ್ಯಾನ್‌ಬೆರಿಯನ್ನು ತೊಳೆದು ಬೆಲ್ಲ, ಸಾಸಿವೆ, ಮೆಂತ್ಯ ಹಾಕಿ ಗೊಜ್ಜು ಮಾಡಬಹುದು, ಅನ್ನಕ್ಕೆ ಕಲಸಿದರೆ ಮಾವಿನಕಾಯಿ ಚಿತ್ರಾನ್ನವನ್ನು ನೆನಪಿಸುವಷ್ಟು ಹುಳಿ ಅದಕ್ಕಿದೆ. ಸಿಹಿಗುಂಬಳದ್ದು ಗಾರಿಗೆಯಾಗುತ್ತದೆ. ಹೆಚ್ಚು ಕಾಯಿ ಉಳಿದ ವರ್ಷ, ಊಟಕ್ಕೆ ಬಂದವರ ಕೈಗೆ ಹೊರಡುವಾಗಲೇ ಒಂದೊಂದು ಕೊಟ್ಟು ಕಳಿಸುವುದು ನಮ್ಮ ಮನೆಯ ರೂಢಿ.